ಬಚ್ಚಲಮನೆಯ ಬೆಕ್ಕು

ಬೆಕ್ಕಿನ ಒಂದು ಕಣ್ಣು ಎಲ್ಲೋ ಬಿದ್ದುಹೋಗಿತ್ತು. ಚೀಲವನ್ನು ಮಗುಚಿ ಕೊಡವಿದರೂ ಸಿಗಲಿಲ್ಲ. ಖುರ್ಷಿದ್ ಅಡುಗೆಕಟ್ಟೆಗೆ ಒರಗಿ, ಕಾಲುಚೀಲದ ಬೆಕ್ಕನ್ನು ಕೈಗೆ ಹಾಕಿಕೊಂಡು, ಉಳಿದ ಒಂದೇ ಕಣ್ಣಿನಿಂದ ತನ್ನನ್ನು ನೋಡುತ್ತಿದ್ದ ಅದರ ಮುಖವನ್ನು ಆಚೆ ಈಚೆ ತಿರುಗಿಸಿದಳು. ಮಗಳು ಸಾಮಿಯಾಳ ಹಳೆಯ ಕಾಲುಚೀಲ ಅದು. ಬೂದು ಬಣ್ಣ, ಹಿಮ್ಮಡಿ ಸವೆದಲ್ಲಿ ಕೆಂಪು ಬಟ್ಟೆಯ ಬಾಯಿ, ತುದಿಗೆ ಹೊಲಿದ ಎರಡು ಕಿವಿ. ಹುಬ್ಬಳ್ಳಿಯ ಸಂಸ್ಥೆಯೊಂದು ಅವಳನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿ ಶಾಲೆಗಳಿಗೆ ಕಳಿಸುತ್ತಿತ್ತು. ಮಕ್ಕಳು ಮನಸ್ಸಿನಲ್ಲಿದ್ದದ್ದನ್ನು ಆಡುತ್ತ ಆಡುತ್ತ ಹೇಳುವಂತೆ ಮಾಡುವುದು ಅವಳ ಕೆಲಸ. ಅದಕ್ಕಾಗಿ ಮುಖಗಳ ಚಿತ್ರವಿದ್ದ ಕಾರ್ಡುಗಳು, ಬಣ್ಣದ ಚೆಂಡು, ಈ ಬೆಕ್ಕು. ಕಾರ್ಡುಗಳ ಮೇಲೆ ದುಃಖ, ಭಯ, ಜುಗುಪ್ಸೆ ಎಂದೆಲ್ಲ ಅಚ್ಚಾಗಿತ್ತು. ಮಕ್ಕಳು ಯಾವ ಕಾರ್ಡು ತೋರಿಸಿದರೂ ‘ಬೇಜಾರು’ ಎನ್ನುತ್ತಿದ್ದವು. ಗಂಡ ಸೊಹೇಲ್ ಅವಕ್ಕೆ ಮೂತಿ ಇಸ್ಪೀಟು ಎಂದು ಹೆಸರಿಟ್ಟಿದ್ದ. ಒಮ್ಮೆ ಊಟಕ್ಕೆ ಕೂತಾಗ ಅವಳು ಆ ಕಾರ್ಡುಗಳನ್ನು ತಟ್ಟೆಗಳ ನಡುವೆ ಹರಡಿ, ಇವತ್ತು ಯಾರ್ಯಾರಿಗೆ ಹೇಗನ್ನಿಸಿತು ಎಂದು ಕೇಳಿದ್ದಳು. ಸಾಮಿಯಾ ಅಪ್ಪನ ಮುಖ ನೋಡಿದಳು. ಸೊಹೇಲ್ ಒಂದು ಕಾರ್ಡು ಎತ್ತಿ ಅದರ ಮೇಲೆ ಉಪ್ಪಿನಕಾಯಿಯ ಚಮಚ ಇಟ್ಟ. ಆ ಎಣ್ಣೆಯ ಕಲೆ ‘ಸಂತೋಷ’ದ ಕಾರ್ಡಿನ ಮುಖದ ಕೆನ್ನೆಯ ಮೇಲೆ ಇನ್ನೂ ಇತ್ತು.

ಕಣ್ಣಿಗೆ ಹೊಲಿಯುವ ಗುಂಡಿಗಾಗಿ ಸೊಹೇಲನ ಹಳೆಯ ಅಂಗಿ ಹುಡುಕುತ್ತಿದ್ದಾಗ ಹೊರಗೆ ಜಗಲಿಯಲ್ಲಿ ಅವನು ಫೋನಿನಲ್ಲಿ ಮಾತಾಡುವುದು ಕೇಳುತ್ತಿತ್ತು. “ಇಸ್ಕೆ ಸಾತ್ ಅಬ್ ನೈ ಹೋತಾ ಭಾಯ್. ಆವಾಜ್ ಬಹುತ್ ಕರ್ತಿ. ಖಿಂಚ್ತೀಚ್ ನೈ.” ಇದರ ಜೊತೆ, ಇಲ್ಲವೇ ಇವಳ ಜೊತೆ, ಇನ್ನಾಗುವುದಿಲ್ಲ, ಸದ್ದು ಜಾಸ್ತಿ, ಎಳೆಯುವುದೇ ಇಲ್ಲ. ಖುರ್ಷಿದ್ ಅಂಗಿಯನ್ನು ಹಿಡಿದು ನಿಂತುಬಿಟ್ಟಳು. ಅವಳ ಮನೆಮಾತಿನಲ್ಲಿ ರೊಟ್ಟಿಯೂ ಹೆಣ್ಣು, ಕುರ್ಚಿಯೂ ಹೆಣ್ಣು, ಗಾಡಿಯಂತೂ ಹೆಣ್ಣೇ. ಸ್ವಲ್ಪ ಹೊತ್ತಿನ ನಂತರ ಅವನು ಕ್ಲಚ್ ಪ್ಲೇಟಿನ ವಿಷಯ ತೆಗೆದ. ಮಾತು ಅವನ ಟೆಂಪೋದ್ದು. ಅವಳು ಗುಂಡಿಯನ್ನು ಹಲ್ಲಿನಿಂದ ಕಿತ್ತಳು. ನಿಂತು ಕೇಳಿಸಿಕೊಂಡದ್ದಕ್ಕೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಕ್ಲಚ್ ಪ್ಲೇಟ್ ಎಂಬ ಮಾತು ಬಂದಾಗ ತನಗಾದ ನಿರಾಳಕ್ಕೆ. ಗುಂಡಿ ಬಿಳಿಯದು, ಇನ್ನೊಂದು ಕಣ್ಣು ಕರಿಯದು. ಬೆಕ್ಕು ಈಗ ಯಾವುದನ್ನೂ ನಂಬದ ಪ್ರಾಣಿಯ ಹಾಗೆ ಕಾಣುತ್ತಿತ್ತು.

ಭೈರುಂಬೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳು ಇಂದಿನ ಆಟದ ಮಾತುಗಳನ್ನು ಬಾಯಲ್ಲೇ ಒಪ್ಪಿಸಿಕೊಂಡಳು. ಇವತ್ತು ಶಾಲೆಯಲ್ಲಿ ಮನೆಮಂದಿಯ ದಿನ. ಅಪ್ಪ ಅಮ್ಮಂದಿರೆದುರು ಮಕ್ಕಳು ಬೆಕ್ಕಿನ ಆಟ ಆಡುವುದಿತ್ತು. ಅದರ ವೀಡಿಯೋ ಬೇಕು ಎಂದು ಹುಬ್ಬಳ್ಳಿಯ ಮೇಡಂ ಬೆಳಿಗ್ಗೆಯೇ ಸಂದೇಶ ಹಾಕಿದ್ದರು, ಕೈಮುಗಿದ ಗುರುತಿನೊಂದಿಗೆ. ಆಟ ಹುಟ್ಟಿದ್ದು ದಿವ್ಯಾಳಿಂದ. ಎರಡನೆಯ ತರಗತಿಯ ಆ ಹುಡುಗಿ ಕಾರ್ಡು ಮುಟ್ಟುತ್ತಿರಲಿಲ್ಲ, ಚೆಂಡು ಬಂದರೆ ಪಕ್ಕದವರಿಗೆ ದಾಟಿಸುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಒಂದು ದಿನ, ಬಾಕಿ ಮಕ್ಕಳು ಬಿಸಿಯೂಟಕ್ಕೆ ಕೈ ತೊಳೆಯಲು ಹೋದಾಗ, ತಾನಾಗಿ ಬಂದು ಬೆಕ್ಕಿನೊಳಗೆ ಕೈ ತೂರಿಸಿದಳು. ಬೆಕ್ಕು ಯಾರಿಗೂ ಹೇಳುವುದಿಲ್ಲ ಎನ್ನುವುದು ಆಟದ ಮೊದಲ ನಿಯಮ. ಖುರ್ಷಿದ್ ಗೋಡೆಯ ಕಡೆ ತಿರುಗಿ, ಕೇಳಿಸದವಳಂತೆ ಕಾರ್ಡು ಜೋಡಿಸುತ್ತಿದ್ದಳು. ಹಿಂದಿನಿಂದ ಸಣ್ಣ ದನಿ ಬಂತು. “ಅಪ್ಪಯ್ಯ ಅದಕ್ಕೆ ಹೊಡದ. ಅದು ಬಚ್ಚಲಮನೇಲಿ ಕೂತ್ಕಂಡು ಕೂಗ್ತಾ ಇತ್ತು. ಅನ್ನ ತಿಂದಿದ್ದಿಲ್ಲೆ.” ಖುರ್ಷಿದ್‌ಗೆ ಮೈ ಜುಮ್ಮೆಂದಿತು. ಮಗು ಬಾಯಿಬಿಟ್ಟಿತು ಎನ್ನುವ ಸಂತೋಷ. “ಯಾವುದಕ್ಕೆ ಹೊಡೆದ್ರು ಪುಟ್ಟಿ?” ಎಂದು ತಿರುಗದೆಯೇ ಕೇಳಿದಳು. “ಅದಕ್ಕೆ.” “ಬೆಕ್ಕಿಗಾ?” ತಿರುಗಿ ನೋಡಿದರೆ ಹುಡುಗಿ ಕೈಯಲ್ಲಿದ್ದ ಬೆಕ್ಕನ್ನೇ ನೋಡುತ್ತಿದ್ದಳು. ಬೆಕ್ಕಿನ ತಲೆ ನಿಧಾನ ಮೇಲೆ ಕೆಳಗೆ ಆಡಿತು. ಆ ರಾತ್ರಿ ಖುರ್ಷಿದ್ ಒಂದೇ ಏಟಿಗೆ ಆಟ ಬರೆದಳು. ಬೆಕ್ಕು ಹಾಲು ಕುಡಿಯಿತು, ಅಪ್ಪ ಹೊಡೆದ, ಬೆಕ್ಕು ಬಚ್ಚಲಮನೆಯಲ್ಲಿ ಕೂತು ಅತ್ತಿತು, ಮಗಳು ಅನ್ನ ಒಯ್ದಳು, ಅಪ್ಪ ತಪ್ಪಾಯಿತು ಎಂದ. ಪ್ರಾಣಿದಯೆಯನ್ನು ಎಷ್ಟು ಸಹಜವಾಗಿ ತಂದಿದ್ದೀರಿ ಎಂದು ಮೇಡಂ ಹೊಗಳಿದ್ದರು.

ಶಾಲೆಯ ಗೇಟಿನಲ್ಲೇ ಸಂಗಯ್ಯ ಮಾಸ್ತರರು ಸಿಕ್ಕರು. ಹಾವೇರಿ ಕಡೆಯವರು, ಈ ಶಾಲೆಗೆ ಬಂದು ಬಹಳ ವರ್ಷವಾಗಿದ್ದರೂ ತಮ್ಮ ಕಡೆಯ ಮಾತು ಬಿಟ್ಟವರಲ್ಲ. “ಬರ್ರಿ ಅಕ್ಕೋರ, ಬರ್ರಿ. ಅಧ್ಯಕ್ಷರು ಬೆಳಿಗ್ಗಿಂದ ನಿಂತ್ಬಿಟ್ಟಾರ. ನಿಮ್ಮ ಬೆಕ್ಕಿನ ಮದವಿಗೆ ಅಡಗಿ ನಡದೈತಿ.” ಒಳಗೆ ನಾಗಪತಿ ಹೆಗಡೆಯವರು, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು, ದಿವ್ಯಾಳ ಅಪ್ಪ, ದೊಡ್ಡ ಬೋಗುಣಿಯಲ್ಲಿ ಅವಲಕ್ಕಿ ಕಲಸುತ್ತಿದ್ದರು. ಮದುವೆ ಉಪನಯನಗಳಿಗೆ ಅಡುಗೆ ಮಾಡಿಸುವುದು ಅವರ ಕಸುಬು. ತೆಂಗಿನತುರಿ, ಬೆಲ್ಲ, ಏಲಕ್ಕಿಪುಡಿ ಬೆರಳ ಸಂದಿನಲ್ಲಿ ಮೆಲ್ಲಗೆ ಹೊರಳುತ್ತಿದ್ದವು. ಅವಲಕ್ಕಿ ಒಂದೂ ಮುರಿಯುತ್ತಿರಲಿಲ್ಲ. ಎಷ್ಟು ಮೃದುವಾದ ಕೈ ಎಂದು ಖುರ್ಷಿದ್‌ಗೆ ಅನ್ನಿಸಿತು. ಹೀಗೆ ಅನ್ನಿಸಿದ್ದು ಆಮೇಲೆ ಎಷ್ಟೋ ಸಲ ಅವಳಿಗೆ ನೆನಪಾಗಲಿತ್ತು. “ಕುರ್ಚಿ ಸಾಕಾ ಅಕ್ಕೋರೆ? ಮೈಕ್ ಬೇಕಾ? ಎಂತ ಬೇಕೋ ಹೇಳಿ, ನಾಚ್ಕಬೇಡಿ” ಎಂದರು. ಮೊದಲ ಸಲ ಈ ಊರಿಗೆ ಬಂದಾಗ ಬಸ್ ತಪ್ಪಿ, ಕೂರಲು ಹೇಳುವವರಿಲ್ಲದೆ ಅಂಗಡಿಯ ಎದುರು ನಿಂತಿದ್ದವಳನ್ನು ಇವರೇ ಕರೆದು ಕೂರಿಸಿ ಚಾ ಕೊಡಿಸಿದ್ದರು. ಬೆಕ್ಕಿಗೆ ಹೊಡೆದ ಅಪ್ಪ ಇವರೇ ಎಂದು ಅವಳಿಗೆ ಗೊತ್ತಿತ್ತು. ಅದರಲ್ಲಿ ಅವಳಿಗೆ ಒಂದು ತುಂಟತನದ ಖುಷಿಯೂ ಇತ್ತು. ದೊಡ್ಡವರಿಗೆ ನೋವಾಗದ ಹಾಗೆ, ನಗುನಗುತ್ತಲೇ, ಒಂದು ಪಾಠ.

ಬೆಂಚುಗಳು ತುಂಬಿದವು. ಮಕ್ಕಳು ಮುಂದೆ ಜಮಖಾನದ ಮೇಲೆ ಕೂತವು. ಅಪ್ಪನ ಪಾತ್ರ ಯಾರು ಮಾಡುತ್ತೀರಿ ಎಂದು ಖುರ್ಷಿದ್ ಮೈಕಿನಲ್ಲಿ ಕೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಚೌಡ ಎನ್ನುವವನು, “ಅಧ್ಯಕ್ಷರು ಇರ್ಬೇಕಾದ್ರೆ ಬೇರೆಯವ್ರು ಯಾಕ್ರೋ? ವೇಷ ಕಟ್ಟೂದು ಅವ್ರಿಗೆ ಹೊಸದಾ?” ಎಂದ. ಎಲ್ಲರೂ ನಕ್ಕರು. ನಾಗಪತಿ ಪಂಚೆಯ ತುದಿಗೆ ಕೈ ಒರೆಸಿಕೊಂಡು ಎದ್ದು ಬಂದರು. ಬೆಕ್ಕಾದ ದಿವ್ಯಾ ಮೇಜಿನ ಹಿಂದೆ ಕೂತು ಕೈಯನ್ನಷ್ಟೇ ಮೇಲೆತ್ತಿದ್ದಳು. ಸಂಗಯ್ಯನವರು ಫೋನು ಎತ್ತಿ ಹಿಡಿದರು. ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು, ಹಸಿರು ಸೀರೆ, ಸೆರಗನ್ನು ಎರಡೂ ಭುಜದ ಮೇಲೆ ಹೊದ್ದುಕೊಂಡವಳು, ಚಳಿಗೆ ಹೊದೆಯುವ ಹಾಗೆ. ಮೇಜಿನ ಹಿಂದಿನಿಂದ ದಿವ್ಯಾ ಪಕ್ಕದ ಹುಡುಗಿಗೆ ಹೇಳಿದಳು: “ಆಯಿ ಬಂತು. ಅದಕ್ಕೆ ಕುರ್ಚಿ ಇಲ್ಲೆ.”

ಮಾತು ಖುರ್ಷಿದ್‌ಳ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಹೋಗಿ, ತಿರುಗಿ ಬಂತು. ಅದಕ್ಕೆ. ಆಯಿ ಬಂತು, ಅದಕ್ಕೆ. ಹಿಂದೆ ಕಾಲೇಜಿನ ಹುಡುಗಿಯರ ಕೋಣೆಯಲ್ಲಿ ಗೆಳತಿ ಉಜ್ಮಾ ಕನ್ನಡಿಯ ಮುಂದೆ ನಿಂತು ದುಪಟ್ಟಾವನ್ನು ಸೀರೆಯ ಹಾಗೆ ಸುತ್ತಿಕೊಂಡು ಹವ್ಯಕರ ಮಾತನ್ನು ಅಣಕಿಸುತ್ತಿದ್ದಳು: ಅಮ್ಮ ಬಂತು, ಅಕ್ಕ ಹೋತು, ಎಮ್ಮೆನೂ ಬಂತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕವಳು ಖುರ್ಷಿದ್. ಶಿರಸಿಯಲ್ಲಿ ಹುಟ್ಟಿ ಬೆಳೆದವಳಿಗೆ ಇದು ಗೊತ್ತಿಲ್ಲದ್ದಲ್ಲ. ಹೆಗಡೆಯವರಂಥ ಹವ್ಯಕರ ಮನೆಗಳಲ್ಲಿ ತಾಯಿಗೆ ‘ಆಯಿ’, ಹೆಂಗಸರಿಗೆಲ್ಲ ‘ಅದು’ ಎನ್ನುತ್ತಾರೆ, ಪ್ರೀತಿಯಿಂದಲೇ ಎನ್ನುತ್ತಾರೆ. ಹೊರಗಿನವರೆದುರು ಮಾತ್ರ ‘ಅವಳು’, ‘ಅವರು’ ಎಂದು ಬದಲಿಸಿಕೊಳ್ಳುತ್ತಾರೆ. ಅತ್ತರೆ ‘ಕೂಗಿತು’ ಎನ್ನುತ್ತಾರೆ. ಕಾಲುಚೀಲದೊಳಗೆ ಕೈ ಇಟ್ಟ ಆ ಒಂದು ಗಳಿಗೆ ದಿವ್ಯಾ ಅವಳನ್ನು ಹೊರಗಿನವಳು ಎಂದು ಎಣಿಸಿರಲಿಲ್ಲ. ಮನೆಯ ಮಾತಿನಲ್ಲಿ ಆಯಿಯ ಸಂಗತಿ ಹೇಳಿದ್ದಳು. ಖುರ್ಷಿದ್ ಅದನ್ನು ಬೆಕ್ಕು ಮಾಡಿ, ಹಾಡು ಕಟ್ಟಿ, ಇಡೀ ಶಾಲೆಗೆ ಬಾಯಿಪಾಠ ಮಾಡಿಸಿದ್ದಳು. ಬೆಕ್ಕಿಗಾ ಎಂದು ಕೇಳಿದ್ದು ತಾನು. ಬೆಕ್ಕೇ ಬೇಕಾಗಿತ್ತು ತನಗೆ.

ಆಗಲೇ ನಿಲ್ಲಿಸಬಹುದಿತ್ತು. ಮೈಕು ಕೆಟ್ಟಿತು ಎನ್ನಬಹುದಿತ್ತು, ತಲೆ ಸುತ್ತಿತು ಎಂದು ಕೂತುಬಿಡಬಹುದಿತ್ತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು, ಸಂಗಯ್ಯನವರ ಫೋನಿನ ಕೆಂಪು ಚುಕ್ಕೆ ಉರಿಯುತ್ತಿತ್ತು, ಮತ್ತು ಅವಳ ಬಾಯಿಂದ ಆಟದ ಮೊದಲ ಸಾಲು ತಾನಾಗಿ ಹೊರಬಿತ್ತು. “ಒಂದೂರಲ್ಲಿ ಒಂದು ಬೆಕ್ಕಿತ್ತು...” ಬೆಕ್ಕು ಹಾಲು ಕುಡಿಯಿತು. ನಾಗಪತಿ ಕಣ್ಣು ಕೆಂಪಗೆ ಮಾಡಿ, ಮೀಸೆ ಇಲ್ಲದಲ್ಲಿ ಮೀಸೆ ತಿರುವಿ, ಕಾಗದದ ಸುರುಳಿಯಿಂದ ಮೇಜಿಗೆ ಪಟಾರನೆ ಬಾರಿಸಿದರು. ಮಕ್ಕಳು ಕಿರುಚಿ ನಕ್ಕವು. “ಆಮೇಲೆ ಬೆಕ್ಕು,” ಖುರ್ಷಿದ್ ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು, “ಆಮೇಲೆ ಬೆಕ್ಕು ಓಡಿಹೋಗಿ ಒಲೆಯ ಹಿಂದೆ ಕೂತಿತು.”

“ಅಲ್ಲ ಅಕ್ಕೋರೆ,” ಮುಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. “ಬಚ್ಚಲಮನೆ.”

“ಒಲೆಯ ಹಿಂದೆ...”

“ಬಚ್ಚಲಮನೆ, ಬಚ್ಚಲಮನೆ,” ಎಲ್ಲ ಮಕ್ಕಳೂ ಸೇರಿಕೊಂಡವು. ಅವಳೇ ಕಲಿಸಿದ ರಾಗದಲ್ಲಿ, ಅವಳೇ ಕಲಿಸಿದಂತೆ ಚಪ್ಪಾಳೆ ತಟ್ಟುತ್ತ ಹಾಡಿದವು: ಬೆಕ್ಕು ಬಚ್ಚಲಮನೆಯಲ್ಲಿ ಕೂತಿತು, ಬೆಕ್ಕು ಅನ್ನವ ಮುಟ್ಟದೆ ಅತ್ತಿತು.

ನಾಗಪತಿಯ ಕೈಯಲ್ಲಿದ್ದ ಕಾಗದದ ಸುರುಳಿ ಮೇಲೆತ್ತಿದಲ್ಲೇ ನಿಂತಿತು. ಅವರು ಮೊದಲು ಮೇಜಿನ ಮೇಲಿನ ಬೆಕ್ಕನ್ನು, ಆಮೇಲೆ ಬಾಗಿಲ ಬಳಿ ನಿಂತಿದ್ದ ಹೆಂಡತಿಯನ್ನು, ಕೊನೆಗೆ ಖುರ್ಷಿದ್‌ಳನ್ನು ನೋಡಿದರು. ಸಿಟ್ಟಿನ ನೋಟವಲ್ಲ. ಪರಿಚಯದವರನ್ನು ಬೇರೆ ಊರಿನ ಪೇಟೆಯಲ್ಲಿ ಕಂಡಾಗ ನೋಡುವಂಥದು. ಬೆಂಚುಗಳ ಮೇಲೆ ಯಾರೋ ಕೆಮ್ಮಿದರು. ನಾಗಪತಿ ಸುರುಳಿಯನ್ನು ಕೆಳಗಿಟ್ಟು, ಮೊಣಕಾಲೂರಿ ಕೂತು, ಬೆಕ್ಕಿನ ತಲೆಯನ್ನು, ಅದರೊಳಗಿದ್ದ ಮಗಳ ಮುಷ್ಟಿಯನ್ನು, ಅವಲಕ್ಕಿ ಕಲಸಿದ ಅದೇ ಕೈಯಿಂದ ನೇವರಿಸಿದರು. “ಪಾಪ, ಪಾಪ. ತಪ್ಪಾತು ಮಾರಾಯ್ತಿ. ಇನ್ನು ಹೊಡೆಯೂದಿಲ್ಲ. ಹಾಲು ಬೇಕಾ? ಬಾ, ಬೇಕಾದಷ್ಟು ಕುಡಿ.” ದನಿ ಎಷ್ಟು ಹದವಾಗಿತ್ತೆಂದರೆ ಹಿಂದಿನ ಸಾಲಿನ ಒಬ್ಬ ಅಜ್ಜಿ ಕಣ್ಣೊರೆಸಿಕೊಂಡಳು. ಚಪ್ಪಾಳೆ ಬಿತ್ತು. ಚಪ್ಪಾಳೆಯ ಅಡಿಯಲ್ಲಿ ಅವರು ಮಗಳನ್ನು ಕೇಳಿದ್ದು ಪಕ್ಕದಲ್ಲಿದ್ದ ಖುರ್ಷಿದ್‌ಗೆ ಮಾತ್ರ ಕೇಳಿಸಿತು. “ಯಾರು ಹೇಳ್ಕೊಟ್ಟಿದ್ದು ಕೂಸೆ ಇದನ್ನ?”

“ಅಕ್ಕೋರು.”

ಅವಲಕ್ಕಿಯ ಪೊಟ್ಟಣಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಕಾರ್ಡುಗಳನ್ನು ಕೂಡಿಸುವ ನೆಪದಲ್ಲಿ ಖುರ್ಷಿದ್ ಕಚೇರಿ ಕೋಣೆಗೆ ಬಂದಳು. ಸಂಗಯ್ಯನವರು ವೀಡಿಯೋ ತೋರಿಸಲು ಹಿಂದೆಯೇ ಬಂದರು. “ಮಾಸ್ತರೆ, ದಿವ್ಯಾಳ ಮನೇಲಿ...” ಎಂದು ಅವಳು ಶುರು ಮಾಡುವಷ್ಟರಲ್ಲೇ ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. “ಗೊತ್ತೈತ್ರೀ ಅಕ್ಕೋರ. ಯಾರಿಗೆ ಗೊತ್ತಿಲ್ಲ? ಊರಿಗೆಲ್ಲಾ ಗೊತ್ತೈತಿ. ಕೇಳಾಕ ಹೋದ್ರ ಮನಿತನದ ಮಾತು ಅಂತಾರ. ನೀವು ಬೇಕಂತ್ಲೇ ಬೆಕ್ಕು ಮಾಡಿ ಹೇಳಿದ್ರಿ ನೋಡ್ರಿ, ನಾ ಮೆಚ್ಚಿದೆ. ಬಡದಂಗೂ ಆತು, ಬಡೀದಂಗೂ ಆತು. ನಮ್ಮ ಕೈಲಿಂತೂ ಆಗತಿದ್ದಿಲ್ಲ ಬಿಡ್ರಿ.” ಅವಳು ಬಾಯಿ ತೆರೆದಳು. ಇಲ್ಲ, ನಾನು ಬೇಕೆಂದು ಮಾಡಿದ್ದಲ್ಲ, ನನಗೆ ತಿಳಿಯಲಿಲ್ಲ ಎನ್ನಬೇಕಿತ್ತು. ಸಂಗಯ್ಯನವರ ಮುಖದಲ್ಲಿದ್ದ ಗೌರವ ಅವಳಿಗೆ ಬಹಳ ದಿನದಿಂದ ಯಾರೂ ಕೊಡದಂಥದ್ದು. “ಹೂಂ” ಎಂದಳು. ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ ಸಂಖ್ಯೆಯ ಪಟ್ಟಿ ಇತ್ತು, ಅಂಟಿಸಿದವಳು ಅವಳೇ. ಆ ಸಂಖ್ಯೆಗೂ ಒಂದು ರಾಗ ಕಟ್ಟಿ ಕಲಿಸಿದ್ದಳು. ಫೋನು ಮಾಡಿದರೆ ಏನಾಗುತ್ತದೆ ಎಂದು ಯೋಚಿಸಿದಳು. ಸಾಬರ ಹೆಂಗಸು ನಮ್ಮ ಮನೆಯೊಳಗೆ ಕೈ ಹಾಕಿದಳು ಎನ್ನುತ್ತಾರೆ, ಸಂಸ್ಥೆಯವರು ಬೇರೆ ಊರಿಗೆ ಹಾಕುತ್ತಾರೆ, ಸೊಹೇಲ್ ಮೊದಲೇ ಹೇಳಿದ್ದೆ ಎನ್ನುತ್ತಾನೆ. ಈ ಮಾತುಗಳನ್ನು ಇಲ್ಲಿ ಯಾರೂ ಆಡಿರಲಿಲ್ಲ. ಅವಳು ಸುಮ್ಮನಿರುವುದಕ್ಕೆ ಬೇಕಾಗಿದ್ದವು, ಅವಳೇ ಒಂದೊಂದಾಗಿ ಅವರೆಲ್ಲರ ಬಾಯಿಗೆ ಇಟ್ಟಳು.

ನಲ್ಲಿಯ ಬಳಿ ದಿವ್ಯಾಳ ತಾಯಿ ಪ್ರತಿಭಾ ಒಬ್ಬಳೇ ಚಾದ ಲೋಟ ತೊಳೆಯುತ್ತಿದ್ದಳು. ತೊಳೆಯಿರಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಖುರ್ಷಿದ್ ಪಕ್ಕದಲ್ಲಿ ನಿಂತು ಒಂದು ಲೋಟ ಎತ್ತಿಕೊಂಡಳು. “ನೀವು ಬಿಡಿ, ಬಟ್ಟೆ ಒದ್ದೆಯಾಗ್ತದೆ” ಎಂದಳು ಪ್ರತಿಭಾ. ಅವಳು ಬಾಗಿದಾಗ ಸೆರಗು ಜಾರಿತು, ತಕ್ಷಣ ಒದ್ದೆಗೈಯಲ್ಲೇ ಎಳೆದುಕೊಂಡಳು.

“ನನ್ನಿಂದ ತಪ್ಪಾಯ್ತು. ಅವಳು ಹೇಳಿದ್ದು ನಂಗೆ ಬೇರೆ ಥರ ಕೇಳಿಸ್ತು. ಬೆಕ್ಕು ಅಂದ್ಕೊಂಡೆ.”

“ನಮ್ಮನೇಲಿ ಬೆಕ್ಕಿಲ್ಲ ಅಕ್ಕೋರೆ,” ಪ್ರತಿಭಾ ಲೋಟ ಬೋರಲು ಹಾಕುತ್ತ ಹೇಳಿದಳು. “ಇವ್ರಿಗೆ ಬೆಕ್ಕು ಕಂಡ್ರೆ ಆಗೂದಿಲ್ಲ.” ನಗಲು ನೋಡಿದಳು. “ಆಟ ಚಂದಿತ್ತು. ಇವ್ರು ಎಷ್ಟ್ ಚಂದ ಮಾಡಿದ್ರು ಅಲ್ದಾ?”

“ನಿಮಗೆ ಏನಾದ್ರೂ ಸಹಾಯ ಬೇಕಾದ್ರೆ, ಒಂದು ನಂಬರು...”

“ನಿಮ್ಮ ಬಸ್ಸು ಎಷ್ಟೊತ್ತಿಗೆ?” ಪ್ರತಿಭಾ ನಲ್ಲಿ ನಿಲ್ಲಿಸಿದಳು. ಈಗ ದನಿ ಬೇರೆಯಾಗಿತ್ತು. “ನೀವು ಬಸ್ ಹತ್ತಿ ಶಿರಸಿಗೆ ಹೋಗ್ತ್ರಿ. ನಾವು ಇವತ್ತು ಮನೆಗೆ ಹೋಗ್ಬೇಕಲ.”

ಅಂಗಳದಲ್ಲಿ ನಾಗಪತಿ ಸ್ಕೂಟರಿನ ಮೇಲೆ ಕೂತಿದ್ದರು. ಖಾಲಿ ಬೋಗುಣಿ ಅವರ ಕಾಲ ಬುಡದಲ್ಲಿತ್ತು. ಎಲ್ಲರಿಗೂ ಕೇಳುವ ಹಾಗೆ ಕರೆದು ಹೇಳಿದರು: “ಅಕ್ಕೋರೆ, ಪಸಂದಾತು. ಮುಂದಿನ ಸಲ ನಾಯಿದು ಒಂದು ಮಾಡಿಸಿ. ಅದಕ್ಕೂ ನಾನೇ ಬತ್ತೆ.” ಚೌಡ ನಕ್ಕ. ಖುರ್ಷಿದ್ ಕೂಡ ನಕ್ಕಳು. ಕೆನ್ನೆಯ ಸ್ನಾಯುಗಳು ಅವಳನ್ನು ಕೇಳದೆ ಆ ಕೆಲಸ ಮಾಡಿಬಿಟ್ಟಿದ್ದವು. ತಾನು ಎಷ್ಟು ಚೆನ್ನಾಗಿ ನಗಬಲ್ಲೆ ಎಂದು ಅವಳಿಗೆ ಸೋಜಿಗವಾಯಿತು. ಬೆಳಿಗ್ಗೆ ಅಂಗಿ ಹಿಡಿದು ನಿಂತಾಗ, ಯಾರ ಮಾತು ಆಡುತ್ತಿದ್ದೀರಿ ಎಂದು ಜಗಲಿಗೆ ಹೋಗಿ ಕೇಳಿರಲಿಲ್ಲ. ಮದುವೆಯಾಗಿ ಹದಿನೈದು ವರ್ಷ ಹಾಗೆ ಕೇಳದೆ ಕಳೆದವಳಿಗೆ, ಯಾವುದಕ್ಕೆ ಹೊಡೆದರು ಎಂದು ಪರರ ಮಗುವಿನ ಮುಖ ನೋಡಿ ಕೇಳುವುದು ಎಲ್ಲಿಂದ ಬರಬೇಕು?

ದಿವ್ಯಾ ಓಡಿಬಂದಳು. ಬೆಕ್ಕು ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ಎಳೆದು ತೆಗೆಯುವಾಗ ಕಾಲುಚೀಲ ಒಳಹೊರಗಾಯಿತು. ಕಣ್ಣು ಕಿವಿ ಎಲ್ಲ ಒಳಗೆ ಹೋಗಿ, ಹೊಲಿಗೆಯ ದಾರದ ತುದಿಗಳು ಮಾತ್ರ ಹೊರಗೆ ಕಂಡವು. ಹಾಗೆಯೇ ನೀಡಿದಳು. ಖುರ್ಷಿದ್ ಕುಕ್ಕರುಗಾಲಲ್ಲಿ ಕೂತಳು. ಇದೊಂದಾದರೂ ಸರಿಯಾಗಿ ಆಗಬೇಕಿತ್ತು.

“ದಿವ್ಯಾ, ಆವತ್ತು ನೀನು ಬೆಕ್ಕಿನ ಹತ್ರ ಹೇಳಿದ್ದು ನಂಗೆ ತಿಳೀಲಿಲ್ಲ. ಈಗ ತಿಳೀತು. ಅದು ಅಂದ್ರೆ ನಿನ್ನ ಆಯಿ ಅಲ್ವಾ?”

ಹುಡುಗಿ ಸ್ಕೂಟರಿನ ಕಡೆ ನೋಡಿದಳು. ನಾಗಪತಿ ಕನ್ನಡಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸಿ, ಅದನ್ನು ಸ್ವಲ್ಪ ಈ ಕಡೆಗೆ ತಿರುಗಿಸಿದರು.

“ಅಲ್ಲ,” ಎಂದಳು ದಿವ್ಯಾ. “ಅದು ಬೆಕ್ಕು.”

ಗೇಟಿನಿಂದ ಪ್ರತಿಭಾ ಕರೆದಳು. ದಿವ್ಯಾ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತಳು, ಪಾಠ ಓದಲು ಎಬ್ಬಿಸಿದಾಗ ನಿಲ್ಲುವ ಹಾಗೆ. ಪುಸ್ತಕದ ಕನ್ನಡದಲ್ಲಿ, ಒಂದೊಂದು ಪದವನ್ನೂ ಬಿಡಿಸಿ, ಎಲ್ಲಿಯೂ ತಪ್ಪದೆ ಹೇಳಿದಳು:

“ನನ್ನ ತಾಯಿ ಕರೆಯುತ್ತಿದ್ದಾಳೆ. ನಾನು ಅವಳ ಜೊತೆ ಮನೆಗೆ ಹೋಗುತ್ತೇನೆ.”